ನಿದಾನಕ್ಕೆ ನಿಧಾನ ಬೇಕು, ನುಡಿಯೂ ಬೇಕು

(ಯಾದಗಿರಿಯಲ್ಲಿ ವೈದ್ಯಕೀಯ, ನರ್ಸಿಂಗ್ ಮತ್ತು ಅರೆವೈದ್ಯಕೀಯ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ಯಾದಗಿರಿ, ಶಹಾಪುರ, ಸುರಪುರ. ಈ ಮೂರು ಊರುಗಳ ಹೆಸರು ರಾಜಧಾನಿಯ ಪತ್ರಿಕೆಗಳಲ್ಲಿ ಯಾವಾಗ ಬರುತ್ತದೆ? ಬರ ಬಿದ್ದಾಗ, ಜನ ಗುಳೆ ಹೋದಾಗ, ಕೃಷ್ಣೆ ಉಕ್ಕಿದಾಗ. ಇಲ್ಲವೇ ಹಿಂದುಳಿದ ಜಿಲ್ಲೆಗಳ ಪಟ್ಟಿ ಹೊರಬಿದ್ದಾಗ. 2009ರ ಡಿಸೆಂಬರ್ 30ರಂದು ಯಾದಗಿರಿ ಬೇರೆ ಜಿಲ್ಲೆಯಾಯಿತು. 2012ರ ಸಂವಿಧಾನ ತಿದ್ದುಪಡಿಯಿಂದ ನಮಗೆ 371(ಜೆ) ಬಂತು. 2022ರಲ್ಲಿ ಇಲ್ಲಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಅನುಮತಿ ಸಿಕ್ಕಿತು. ಅದಕ್ಕಿಂತ ಮುಂಚೆ ದೊಡ್ಡ ಕಾಯಿಲೆ ಬಂದರೆ ನಮ್ಮ ಜನ ಕಲಬುರಗಿಯ ಬಸ್ಸು ಹತ್ತುತ್ತಿದ್ದರು, ರಾಯಚೂರಿಗೆ ಓಡುತ್ತಿದ್ದರು, ಸಾಲ ಮಾಡಿ ಸೊಲ್ಲಾಪುರಕ್ಕೋ ಹೈದರಾಬಾದಿಗೋ ರೈಲು ಹಿಡಿಯುತ್ತಿದ್ದರು.

ಈಗ ಕಟ್ಟಡ ಬಂದಿದೆ. ಹಾಸಿಗೆ ಬಂದಿವೆ. ಯಂತ್ರ ಬಂದಿವೆ. ಹಾಗಾದರೆ ಎಲ್ಲವೂ ಬಂದಂತೆಯೇ? ಇಲ್ಲ ಗೆಳೆಯರೇ. ಕಟ್ಟಡವನ್ನು ಸರ್ಕಾರ ಕೊಡಬಹುದು. ರೋಗಿಯ ಮುಂದೆ ಕುಳಿತು ಯೋಚಿಸುವ ತಲೆಯನ್ನು ಯಾವ ಬಜೆಟ್ಟೂ ಕೊಡಲಾರದು. ಅದನ್ನು ನೀವೇ ಕಟ್ಟಿಕೊಳ್ಳಬೇಕು. ಇಂಗ್ಲಿಷ್ ಪುಸ್ತಕಗಳು ಅದನ್ನು 'ಕ್ಲಿನಿಕಲ್ ರೀಸನಿಂಗ್' ಎನ್ನುತ್ತವೆ. ನಮ್ಮಲ್ಲಿ ಅದಕ್ಕೆ ಹಳೆಯ ಮಾತೊಂದಿದೆ: ನಿದಾನ. ರೋಗದ ಮೂಲವನ್ನು ಹುಡುಕಿ ತೀರ್ಮಾನಿಸುವುದೇ ನಿದಾನ. ಅಲ್ಪಪ್ರಾಣದ ಆ 'ದಾ' ಮಹಾಪ್ರಾಣವಾದರೆ ಅದು 'ನಿಧಾನ'. ಅವಸರವಿಲ್ಲದಿರುವುದು, ತಾಳ್ಮೆ. ಈ ಎರಡೂ ಪದಗಳು ಒಂದೇ ಮನೆಯ ಅಕ್ಕತಂಗಿಯರ ಹಾಗೆ ಕೇಳಿಸುವುದು ನಮ್ಮ ಭಾಗ್ಯ. ನಿಧಾನವಿಲ್ಲದೆ ನಿದಾನವಿಲ್ಲ. ಇವತ್ತು ನಾನು ಅದಕ್ಕೆ ಮೂರನೆಯದೊಂದನ್ನು ಸೇರಿಸಲು ಬಂದಿದ್ದೇನೆ: ನುಡಿ.

80ರಲ್ಲಿ 66

ಭಾಷೆಯ ಮಾತೆತ್ತಿದ ಕೂಡಲೇ ಕೆಲವರು ಮೂಗು ಮುರಿಯುತ್ತಾರೆ. 'ವಿಜ್ಞಾನಕ್ಕೂ ಕನ್ನಡಕ್ಕೂ ಏನ್ರಿ ಸಂಬಂಧ? ಸ್ಕ್ಯಾನಿಂಗ್ ಯಂತ್ರಕ್ಕೆ ಕನ್ನಡ ಬರಬೇಕೇ?' ಎಂದು ಕೇಳುತ್ತಾರೆ. ಅವರಿಗೆ ಉತ್ತರ ಕೊಡಲು ಕನ್ನಡದ ಅಭಿಮಾನ ಬೇಕಾಗಿಲ್ಲ, ಲೆಕ್ಕ ಸಾಕು.

1975ರಲ್ಲಿ ಇಂಗ್ಲೆಂಡಿನ ಹ್ಯಾಂಪ್ಟನ್ ಮತ್ತು ಅವರ ಸಂಗಡಿಗ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಹೊರರೋಗಿ ವಿಭಾಗಕ್ಕೆ ಹೊಸದಾಗಿ ಬಂದವರು 80 ಮಂದಿ. ಅವರನ್ನು ಕಳಿಸಿದ ವೈದ್ಯರ ಪತ್ರ ಓದಿ, ರೋಗಿಯ ಮಾತು ಕೇಳಿ ಮುಗಿದಾಗಲೇ 66 ಮಂದಿಯಲ್ಲಿ ಸರಿಯಾದ ನಿದಾನ ಸಿಕ್ಕಿಬಿಟ್ಟಿತ್ತು. ಮೈ ಮುಟ್ಟಿ ನೋಡಿದ್ದರಿಂದ ತೀರ್ಮಾನ ಬದಲಾದದ್ದು 7 ಮಂದಿಯಲ್ಲಿ. ಪ್ರಯೋಗಾಲಯದ ಪರೀಕ್ಷೆಯಿಂದ ಬದಲಾದದ್ದು ಇನ್ನು 7 ಮಂದಿಯಲ್ಲಿ. ಅಲ್ಲಿಂದೀಚೆಗೆ ಯಂತ್ರಗಳು ಬಹಳ ಬೆಳೆದಿವೆ, ನಿಜ. ಅಲ್ಲಿಯ ಲೆಕ್ಕ ಇಲ್ಲಿಗೆ ಅಂಕಿಗೆ ಅಂಕಿ ಹೊಂದಬೇಕಿಲ್ಲ, ಅದೂ ನಿಜ. ಆದರೆ ತೂಕ ಯಾವ ಕಡೆಗಿದೆ ನೋಡಿ. ಯಾವ ಯಂತ್ರವನ್ನು ಬಳಸಬೇಕು, ಯಾವ ಪರೀಕ್ಷೆಗೆ ಬರೆಯಬೇಕು ಎಂದು ಹೇಳುವುದು ಕೂಡ ರೋಗಿಯ ಮಾತೇ.

ಈಗ ಹೇಳಿ. ನಿದಾನದ ಬಹುಪಾಲು ಮಾತಿನಲ್ಲೇ ಆಗುವುದಾದರೆ ವೈದ್ಯನ ಮೊದಲ ಉಪಕರಣ ಯಾವುದು? ಸ್ಟೆತಾಸ್ಕೋಪೇ? ಅಲ್ಲ. ಕಿವಿ. ಆ ಕಿವಿಗೆ ರೋಗಿಯ ಭಾಷೆ ಗೊತ್ತಿಲ್ಲದಿದ್ದರೆ, ಸ್ಟೆತಾಸ್ಕೋಪನ್ನು ತಿರುವು ಮುರುವು ಹಾಕಿಕೊಂಡವನಿಗೂ ಅವನಿಗೂ ಏನು ವ್ಯತ್ಯಾಸ?

ಚಕ್ಕರ ಎಂದರೆ ಯಾವ ರೋಗ?

ನಮ್ಮ ಹಳ್ಳಿಯ ಹೆಣ್ಣುಮಗಳು ಬಂದು ಕೂರುತ್ತಾಳೆ. 'ಚಕ್ಕರ್ ಬರ್ಲಿಕತ್ತದ್ರಿ' ಎನ್ನುತ್ತಾಳೆ. ಇಂಗ್ಲಿಷಿನಲ್ಲಿ ಒಂದು ಪದ ಬರೆದು, ಒಂದು ಮಾತ್ರೆ ಕೊಟ್ಟು ಕಳಿಸುವುದು ಸುಲಭ. ಆದರೆ ಆ ಒಂದು ಮಾತಿನ ಹೊಟ್ಟೆಯಲ್ಲಿ ಎಷ್ಟು ರೋಗಗಳು ಅಡಗಿವೆ!

'ಹಾಸಿಗ್ಯಾಗ ಮಗ್ಗಲ ಬದಲಿಸಿದ್ರ ಮನಿ ಗರಗರ ತಿರಗ್ತದೇನವ್ವಾ?' ಹೌದು, ಅದೂ ಕೆಲವೇ ಸೆಕೆಂಡು ಎಂದರೆ ನಿಮ್ಮ ಯೋಚನೆ ಒಳಕಿವಿಯ ಕಡೆಗೆ ಹೋಗಬೇಕು. 'ಕುಂತಾಕಿ ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರ್ತದೇನು?' ಹೌದು ಎಂದರೆ ರಕ್ತ ಕಡಿಮೆಯೋ, ಭೇದಿಯಾಗಿ ನೀರು ಹೋಗಿದೆಯೋ, ಬಿಪಿ ಮಾತ್ರೆ ಹೆಚ್ಚಾಯಿತೋ ಎಂದು ನೋಡಬೇಕು. 'ಊಟ ಬಿಟ್ಟಾಗ ಬೆವತು, ಕೈ ನಡುಗಿ ಬರ್ತದೇನು?' ಸಕ್ಕರೆ ಕಾಯಿಲೆಯ ಮಾತ್ರೆ ತಿನ್ನುವವಳಾದರೆ ರಕ್ತದ ಸಕ್ಕರೆ ಇಳಿದಿರಬಹುದು. 'ಒಮ್ಮಿಂದೊಮ್ಮೆಲೆ ಬಂದು, ಮಾತು ತೊದಲಿ, ಕೈಯಾಗಿನ ಚರಗಿ ಜಾರಿ ಬಿತ್ತೇನು?' ಅದಾದರೆ ತಡ ಮಾಡುವ ಹಾಗಿಲ್ಲ. ಅದು ಮೆದುಳಿನ ಲಕ್ವ ಇರಬಹುದು.

ಇಲ್ಲಿ ಒಂದು ಗುಟ್ಟು ಗಮನಿಸಿ. 'ಚಕ್ಕರ ಎಂದರೆ ಏನು, ವಿವರಿಸಿ ಹೇಳು' ಎಂದರೆ ಯಾರಿಗೂ ಹೇಳಲು ಬರುವುದಿಲ್ಲ. ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಏನು ಮಾಡಿದರೆ ಬರುತ್ತದೆ ಎಂದು ಕೇಳಿದರೆ ಎಲ್ಲರೂ ಹೇಳಬಲ್ಲರು. ನಾಲ್ಕು ಪ್ರಶ್ನೆ, ನಾಲ್ಕು ದಾರಿ. ಆ ನಾಲ್ಕನ್ನೂ ಆಕೆಯ ಮಾತಿನಲ್ಲೇ ಕೇಳಬೇಕು.

ಬೆಂಗಳೂರು, ಮೈಸೂರು ಕಡೆಯ ಗೆಳೆಯರಿಗೂ ಒಂದು ಮಾತು. 'ನಮಗೆ ಕನ್ನಡ ಬರುತ್ತದೆಯಲ್ಲ' ಎಂದು ನೀವು ಎದೆ ತಟ್ಟಿಕೊಳ್ಳಬೇಡಿ. ನಿಮ್ಮ ಕಡೆ ತಿಂಡಿ ಎಂದರೆ ಇಡ್ಲಿ, ದೋಸೆ. ಇಲ್ಲಿಯ ಅಜ್ಜ 'ಮೈಯೆಲ್ಲ ತಿಂಡಿ ಬಿಟ್ಟದ' ಎಂದರೆ ಅದು ತುರಿಕೆ. ಬ್ಯಾನಿ ಎಂದರೆ ನೋವೂ ಹೌದು, ಜಡ್ಡೂ ಹೌದು. ಬಸುರಿಗೆ ಬ್ಯಾನಿ ಹತ್ತಿದರೆ ಅದು ಹೆರಿಗೆ. ಈ ಭಾಗದ ಮಾತನ್ನು ಸಿನಿಮಾದವರು ನಗೆಚಾಟಿಕೆಗೆ ಬಳಸಿಕೊಂಡರು. ನೀವು ಆಸ್ಪತ್ರೆಯಲ್ಲೂ ನಕ್ಕರೆ ರೋಗಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಅವನು ಬಾಯಿ ಮುಚ್ಚಿದರೆ ನಿಮ್ಮ ನಿದಾನದ ಬಾಗಿಲೂ ಮುಚ್ಚಿತು.

ಹಾಗೆಯೇ, ಇಲ್ಲಿ ಕನ್ನಡವೊಂದೇ ಇಲ್ಲ. ತಾಂಡಾಗಳಲ್ಲಿ ಲಂಬಾಣಿ ಇದೆ, ಪೇಟೆಗಳಲ್ಲಿ ದಖನಿ ಉರ್ದು ಇದೆ, ಗಡಿಯ ಕಡೆ ತೆಲುಗು ಇದೆ. ನಮ್ಮ ನುಡಿಗೆ ಗೌರವ ಕೇಳುವ ನಾವು ಅವರ ನುಡಿಗೂ ಗೌರವ ಕೊಡಬೇಕು. ದುಭಾಷಿ ಬೇಕಾದರೆ ಮನೆಯ ಸಣ್ಣ ಮಗುವನ್ನು ನಿಲ್ಲಿಸಬೇಡಿ. ತಾಯಿ ತನ್ನ ಮುಟ್ಟಿನ ತೊಂದರೆಯನ್ನು ಮಗನ ಬಾಯಲ್ಲಿ ಹೇಳಿಸುವಳೇ? ನರ್ಸ್ ಇದ್ದಾರೆ, ಆಶಾ ಕಾರ್ಯಕರ್ತೆ ಇದ್ದಾರೆ, ಅವರ ನೆರವು ಕೇಳಿ. 'ಅವರು ಅಂದದ್ದನ್ನು ಅಂದ ಹಾಗೇ ಹೇಳಿ, ಸೇರಿಸಬೇಡಿ, ಬಿಡಬೇಡಿ' ಎಂದು ಮೊದಲೇ ಕೇಳಿಕೊಳ್ಳಿ.

ಸುರಪುರ ತಾಲ್ಲೂಕಿನ ಅಂಗೈ

ಮಾತು ಕೇಳಿದ್ದಾಯಿತು. ಇನ್ನು ಯೋಚಿಸುವುದು ಹೇಗೆ? ಒಂದು ಉದಾಹರಣೆ ತೆಗೆದುಕೊಳ್ಳೋಣ.

ಸುರಪುರ ತಾಲ್ಲೂಕಿನ ತಾಂಡಾದಿಂದ ಒಬ್ಬ ಕೂಲಿಕಾರ ಬಂದಿದ್ದಾನೆ ಎಂದು ಇಟ್ಟುಕೊಳ್ಳಿ. ಚರ್ಮ ಕಪ್ಪಾಗಿದೆ, ಅಂಗೈ ಒರಟಾಗಿದೆ. ಮೊದಲ ಕೆಲಸ, ಇಡೀ ಕತೆಯನ್ನು ಒಂದೇ ವಾಕ್ಯದಲ್ಲಿ ಹೇಳಿಕೊಳ್ಳುವುದು. 'ನಡುವಯಸ್ಸಿನ ಕೂಲಿಕಾರ, ಕೆಲವು ವರ್ಷಗಳಿಂದ ನಿಧಾನವಾಗಿ ಹೆಚ್ಚುತ್ತಿರುವ ಚರ್ಮದ ಬದಲಾವಣೆ, ಜ್ವರವಿಲ್ಲ.' ಇದನ್ನು ಕನ್ನಡದಲ್ಲೇ ಹೇಳಿಕೊಳ್ಳಿ. ಒಂದು ವಾಕ್ಯದಲ್ಲಿ ಹೇಳಲು ಆಗದಿದ್ದರೆ ಕತೆ ನಿಮಗಿನ್ನೂ ಅರ್ಥವಾಗಿಲ್ಲ ಎಂದೇ ತಿಳಿಯಿರಿ.

ಎರಡನೆಯ ಕೆಲಸ, ಪಟ್ಟಿ. ಪುಸ್ತಕದ 50 ರೋಗಗಳ ಪಟ್ಟಿಯಲ್ಲ. ಈ ಊರಲ್ಲಿ ಯಾವುದು ಸಾಮಾನ್ಯ? ಯಾವುದನ್ನು ಬಿಟ್ಟರೆ ಅನಾಹುತ? ಯಾವುದು ಗುಣವಾಗುವಂಥದ್ದು? ಈ ಮೂರು ಜರಡಿಯಲ್ಲಿ ಸೋಸಿದ ಪಟ್ಟಿ ಬೇಕು. ಕುಷ್ಠ ಇರಬಹುದು. ಬರಿ ಹೊಲದ ಕೆಲಸದ ಒರಟುತನ ಇರಬಹುದು. ಪೆಲಾಗ್ರ ಇರಬಹುದು. ನಮ್ಮದು ಜೋಳದ ನಾಡು. ಜೋಳವೇ ಮುಖ್ಯ ಊಟವಾದ ದಖನಿನ ಬಡವರಲ್ಲಿ ಪೆಲಾಗ್ರ ಕಾಣುವುದೇಕೆ ಎಂಬ ಬಗ್ಗೆ ಹೈದರಾಬಾದಿನ ಪೋಷಣಾ ವಿಜ್ಞಾನಿಗಳಾದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ 1960ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. ನಾಲ್ಕನೆಯದು, ನೀರಿನಲ್ಲಿರುವ ವಿಷ.

ಮೂರನೆಯ ಕೆಲಸವೇ ಮುಖ್ಯವಾದದ್ದು. ಇವುಗಳನ್ನು ಬೇರೆ ಬೇರೆ ಮಾಡುವ ಪ್ರಶ್ನೆ ಯಾವುದು? ಎಲ್ಲ ರೋಗಕ್ಕೂ 'ಹೌದು' ಎಂಬ ಉತ್ತರ ಬರುವ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ಕುಷ್ಠವಾದರೆ ಮಚ್ಚೆಯ ಮೇಲೆ ಸ್ಪರ್ಶ ಹೋಗಿರುತ್ತದೆ. ಹತ್ತಿಯ ಎಳೆ ಸೋಕಿಸಿ 'ಗೊತ್ತಾಗ್ತದೇನಪ್ಪಾ?' ಎಂದು ಕೇಳಿ, ಮೊಣಕೈಯ ನರ ದಪ್ಪವಾಗಿದೆಯೇ ಮುಟ್ಟಿ ನೋಡಿ. ಪೆಲಾಗ್ರವಾದರೆ ಬಿಸಿಲು ಬೀಳುವ ಕಡೆ, ಅಂದರೆ ಕುತ್ತಿಗೆ, ಮುಂಗೈ, ಪಾದದ ಮೇಲ್ಭಾಗ ಕಪ್ಪಾಗುತ್ತದೆ. ಭೇದಿ, ಬುದ್ಧಿ ಮಂಕಾಗುವುದು ಜೊತೆಗಿರಬಹುದು. ಆರ್ಸೆನಿಕ್ ವಿಷವಾದರೆ ಇದಕ್ಕೆ ತಿರುಗುಮುರುಗು. ಅಂಗಿ ಮುಚ್ಚಿದ ಎದೆ, ಬೆನ್ನಿನ ಮೇಲೆ ಮಳೆಹನಿ ಸಿಡಿದಂತೆ ಕಪ್ಪು ಬಿಳಿ ಚುಕ್ಕೆ. ಎರಡೂ ಅಂಗೈ, ಎರಡೂ ಅಂಗಾಲಿನಲ್ಲಿ ಕಾಳು ಕಾಳಾದ ಗಂಟು. ಹಾಗಾದರೆ ನಿಮ್ಮ ಪ್ರಶ್ನೆ ತಾನಾಗಿ ಹುಟ್ಟಿತು: 'ಅಂಗಿ ತೆಗಿಯಪ್ಪಾ, ಬೆನ್ನು ನೋಡ್ತೀನಿ.' ಆಮೇಲೆ: 'ಮನ್ಯಾಗ ಮತ್ತ್ಯಾರಿಗಿ ಹಿಂಗ ಆಗೇದ? ಯಾವ ಬೋರಿನ ನೀರು ಕುಡೀತೀರಿ?'

ಇದು ಕಟ್ಟುಕತೆಯ ರೋಗವಲ್ಲ, ಗೆಳೆಯರೇ. ಸುರಪುರ ತಾಲ್ಲೂಕಿನಲ್ಲೇ ಒಂದು ಮಂಗಳೂರು ಇದೆ, ಹಳೆಯ ಚಿನ್ನದ ಗಣಿಯ ಊರು. ಅದರ ಬಳಿಯ ಕಿರದಳ್ಳಿ ತಾಂಡಾದಲ್ಲಿ ಜಾಧವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅವರು ಪರೀಕ್ಷಿಸಿದ ಕೊಳವೆಬಾವಿ ನೀರಿನ 59 ಮಾದರಿಗಳಲ್ಲಿ ನೂರಕ್ಕೆ 79ರಷ್ಟರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿಯೇ 10. ಅಲ್ಲಿ ಸಿಕ್ಕ ಅತಿ ಹೆಚ್ಚಿನ ಪ್ರಮಾಣ 303. ಪರೀಕ್ಷಿಸಿದ 181 ಜನರಲ್ಲಿ ನೂರಕ್ಕೆ 58.6 ಮಂದಿಯ ಮೈಮೇಲೆ ಆರ್ಸೆನಿಕ್‌ನ ಗುರುತುಗಳಿದ್ದವು. ಅರ್ಧಕ್ಕಿಂತ ಹೆಚ್ಚು ಜನ!

ಆರ್ಸೆನಿಕ್‌ಗೆ ಬಣ್ಣವಿಲ್ಲ, ರುಚಿಯಿಲ್ಲ. ಕಾಯಿಸಿದರೆ ಹೋಗುವುದಿಲ್ಲ. ಬಹುಕಾಲ ಕುಡಿದರೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರಿಗೆ ದಾರಿ. ಈಗ ಯೋಚಿಸಿ. ಅಂಗೈ ಮಾತ್ರ ನೋಡಿ ಒಂದು ಮುಲಾಮು ಬರೆದು ಕಳಿಸಿದರೆ ಆ ಮನುಷ್ಯ ಮನೆಗೆ ಹೋಗಿ ಅದೇ ನೀರು ಕುಡಿಯುತ್ತಾನೆ. 'ಯಾವ ಬೋರು?' ಎಂದು ಕೇಳಿದ ವೈದ್ಯ ಒಬ್ಬ ರೋಗಿಯ ಜೊತೆಗೆ ಇಡೀ ತಾಂಡಾದ ನಿದಾನವನ್ನೂ ಮಾಡಿದ ಹಾಗಾಯಿತು. ಎರಡಕ್ಕೂ ನಡುವಿನ ಅಂತರ ಒಂದೇ ಒಂದು ಪ್ರಶ್ನೆ.

ಮಲಗಿದ ಬುದ್ಧ ಕಲಿಸುವ ಪಾಠ

ಶಹಾಪುರದ ಬೆಟ್ಟ ನೋಡದವರು ಇಲ್ಲಿ ಯಾರಿದ್ದೀರಿ? ರಸ್ತೆಯ ಒಂದು ಕಡೆ ನಿಂತರೆ ಬುದ್ಧ ಮಲಗಿದ ಹಾಗೆಯೇ ಕಾಣುತ್ತದೆ. ಹಣೆ, ಮೂಗು, ಎದೆ, ಎಲ್ಲವೂ. ಆದರೆ ನಾಲ್ಕು ಹೆಜ್ಜೆ ಆಚೆ ಹೋಗಿ, ಬುದ್ಧ ಮಾಯ! ಉಳಿಯುವುದು ಗುಡ್ಡಗಳ ಸಾಲು. ಮೊದಲ ನೋಟದಲ್ಲಿ ಕಂಡ ರೋಗವೂ ಹಾಗೆಯೇ. ನಮ್ಮ ಮನಸ್ಸು ಒಮ್ಮೆ ಒಂದು ಆಕಾರ ಕಂಡಿತೆಂದರೆ ಅದನ್ನೇ ಹಿಡಿದುಕೊಂಡು ಕೂರುತ್ತದೆ. ಆದ್ದರಿಂದ ನಾಲ್ಕನೆಯ ಕೆಲಸ: ಜಾಗ ಬದಲಿಸಿ ನೋಡಿ. 'ನನ್ನ ನಿದಾನಕ್ಕೆ ಒಗ್ಗದ ಸಂಗತಿ ಯಾವುದು?' ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಬೇಸಿಗೆಯ ಒಂದು ಬೆಳಗಿನ ಜಾವ. ನೆಲದ ಮೇಲೆ ಮಲಗಿದ್ದ ಹುಡುಗನಿಗೆ ಹೊಟ್ಟೆನೋವು, ವಾಂತಿ. 'ರಾತ್ರಿ ಏನೋ ತಿಂದಾನ್ರಿ' ಎನ್ನುತ್ತಾರೆ ಮನೆಯವರು. ಸರಿ, ಊಟದ ದೋಷ ಎಂದು ಬರೆಯಲು ಪೆನ್ನು ತೆಗೆಯುತ್ತೀರಿ. ನಿಲ್ಲಿ! ಒಗ್ಗದ್ದು ಏನಾದರೂ ಇದೆಯೇ? ಅದೇ ಊಟ ಉಂಡ ಉಳಿದವರು ಚೆನ್ನಾಗಿದ್ದಾರೆ. ಭೇದಿ ಇಲ್ಲ. ಹುಡುಗನ ರೆಪ್ಪೆ ಜೋಲುತ್ತಿವೆ. ಉಗುಳು ನುಂಗಲು ಕಷ್ಟಪಡುತ್ತಾನೆ. ಮಾತು ಮೂಗಿನಲ್ಲಿ ಬರುತ್ತಿದೆ. ತಾಯಿಯನ್ನು ಕೇಳಿ: 'ಯವ್ವಾ, ನಿನ್ನೆ ಇವನ ಮಾತು ಹಿಂಗ ಇತ್ತೇನು?' ಇಲ್ಲ ಎಂದಳೋ, ಕಟ್ಟುಹಾವನ್ನು ನೆನೆಯಬೇಕು. ಅದು ರಾತ್ರಿ ಹೊತ್ತು, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಕಚ್ಚಿದ ಜಾಗದಲ್ಲಿ ಬಾವು, ನೋವು ಇಲ್ಲವೆನ್ನುವಷ್ಟು ಕಡಿಮೆ. ಗುರುತು ಕೂಡ ಕಾಣದಿರಬಹುದು. ಮುಂದೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. 'ಒಂದ ಉಸಿರಿನ್ಯಾಗ ಒಂದರಿಂದ ಎಣಸಪ್ಪಾ' ಎನ್ನಿ. ಎಣಿಕೆ ಎಲ್ಲಿಗೆ ನಿಂತಿತು, ಸ್ವಲ್ಪ ಹೊತ್ತಿನ ಮೇಲೆ ಇನ್ನೂ ಬೇಗ ನಿಂತಿತೇ? ಯಂತ್ರವಿಲ್ಲದೆ ಉಸಿರಿನ ಬಲ ಅಳೆಯುವ ಉಪಾಯ ಇದು. ವಿಷಕ್ಕೆ ಪ್ರತಿವಿಷ, ಉಸಿರಿಗೆ ಆಸರೆ, ಇವೆರಡೂ ಹೊತ್ತಿಗೆ ಸಿಕ್ಕರೆ ಹುಡುಗ ಬದುಕುತ್ತಾನೆ. ಹಾವಿನ ಕಡಿತದ ಪ್ರಕರಣಗಳನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು 2024ರಲ್ಲಿ ಕರ್ನಾಟಕ ಆದೇಶ ಮಾಡಿತು. ಆದರೆ ಗುರುತಿಸದ ಕಡಿತವನ್ನು ವರದಿ ಮಾಡುವವರು ಯಾರು?

ಕಾಲ, ಸ್ಥಳ ಎರಡೂ ನಿದಾನದ ಭಾಗ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಇಲ್ಲಿ ಭತ್ತದ ಗದ್ದೆ ಹರಡಿದವು. ಔಷಧಿ ಹೊಡೆಯುವ ಕಾಲದಲ್ಲಿ ಬೆವತು, ಜೊಲ್ಲು ಸುರಿಸುತ್ತ, ವಾಂತಿ ಮಾಡುತ್ತ ಬಂದವನ ಕಣ್ಣಪಾಪೆ ಸೂಜಿಮೊನೆಯಷ್ಟಾಗಿದ್ದರೆ ಅದು ಬಿಸಿಲಿನ ಹೊಡೆತವಲ್ಲ, ಕೀಟನಾಶಕದ ವಿಷ. ಹೊಲದಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಿಲ್ಲದವನು ಆ ಕಣ್ಣನ್ನು ನೋಡುವ ಗೋಜಿಗೇ ಹೋಗಲಾರ.

ನೋಟ್‌ಬುಕ್ಕಿನ ಎರಡು ಪುಟ

'ಇದನ್ನೆಲ್ಲ ಕಲಿಯುವುದು ಹೇಗೆ ಸಾರ್?' ಎಂದು ಕೇಳುತ್ತೀರಿ. ಖರ್ಚಿಲ್ಲದ ದಾರಿ ಹೇಳುತ್ತೇನೆ.

ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಒಬ್ಬ ರೋಗಿ ಸಾಕು, ಹೆಸರು ಬರೆಯಬೇಡಿ. ಎಡ ಪುಟದಲ್ಲಿ ರೋಗಿ ಆಡಿದ ಮಾತು, ಆಡಿದ ಹಾಗೆಯೇ, ಕನ್ನಡದಲ್ಲಿ. ಅದರ ಕೆಳಗೆ ನಿಮ್ಮ ಒಂದು ವಾಕ್ಯ, ಮೂರು ರೋಗಗಳ ಪಟ್ಟಿ, ಪ್ರತಿಯೊಂದಕ್ಕೂ ಪರವಾದ ಒಂದು ಸಂಗತಿ, ವಿರುದ್ಧವಾದ ಒಂದು ಸಂಗತಿ. ಇದನ್ನು ಪರೀಕ್ಷೆಯ ವರದಿ ಬರುವ ಮೊದಲೇ ಬರೆಯಬೇಕು. ವರದಿ ಬಂದ ಮೇಲೆ ಎಲ್ಲರೂ ಜಾಣರೇ! ಬಲ ಪುಟ ಖಾಲಿ ಇರಲಿ. ಮೂರು ದಿನ ಬಿಟ್ಟು ವಾರ್ಡಿಗೆ ಹೋಗಿ, ಕೊನೆಗೆ ಏನಾಯಿತು ಎಂದು ತಿಳಿದು ಅಲ್ಲಿ ಬರೆಯಿರಿ. ತಪ್ಪಾಗಿದ್ದರೆ ಯಾವ ಪ್ರಶ್ನೆ ಕೇಳಿದ್ದರೆ ಸರಿಯಾಗುತ್ತಿತ್ತು ಎಂದು ಬರೆಯಿರಿ. ಒಂದು ವರ್ಷಕ್ಕೆ ನಿಮ್ಮ ಕೈಯಲ್ಲಿ 300 ಪ್ರಶ್ನೆಗಳಿರುತ್ತವೆ. ಯಾವ ಇಂಗ್ಲಿಷ್ ಪುಸ್ತಕದಲ್ಲೂ ಇಲ್ಲದ ಯಾದಗಿರಿಯ ಪ್ರಶ್ನೆಗಳು.

ಇನ್ನೊಂದು. ನಿಮ್ಮ ತೀರ್ಮಾನವನ್ನು ರೋಗಿಗೆ ಕನ್ನಡದಲ್ಲಿ ಹೇಳಿ. ಇಂಗ್ಲಿಷ್ ಪದಗಳ ಮರೆಯಲ್ಲಿ ನಮ್ಮ ಅಜ್ಞಾನ ಚೆನ್ನಾಗಿ ಬಚ್ಚಿಟ್ಟುಕೊಳ್ಳುತ್ತದೆ. 'ಇಡಿಯೋಪತಿಕ್' ಎಂದರೆ ಕಾರಣ ಗೊತ್ತಿಲ್ಲ ಎಂದರ್ಥ! ಓದು ಬಾರದ ಅಜ್ಜಿಗೆ ತಿಳಿಯುವಂತೆ ನಿಮಗೆ ಹೇಳಲು ಬಂದರೆ ಮಾತ್ರ ನಿಮಗೆ ತಿಳಿದಿದೆ. ಆಮೇಲೆ ಆಕೆಯನ್ನೇ ಕೇಳಿ: 'ಯವ್ವಾ, ಮನಿಗಿ ಹೋಗಿ ಏನು ಮಾಡ್ತಿ, ನನಗ ಹೇಳು.' ಆಕೆ ತಿರುಗಿ ಹೇಳಿದ್ದು ಸರಿಯಾಗಿದ್ದರೆ ನಿಮ್ಮ ಕೆಲಸ ಮುಗಿಯಿತು.

ನರ್ಸಿಂಗ್ ತಂಗಿಯರೇ, ಲ್ಯಾಬ್ ತಂತ್ರಜ್ಞರೇ, ಇದು ಡಾಕ್ಟರಿಗೆ ಮಾತ್ರ ಎಂದುಕೊಳ್ಳಬೇಡಿ. ರಾತ್ರಿ ಎರಡು ಗಂಟೆಗೆ ರೋಗಿಯ ಉಸಿರು ಬದಲಾದದ್ದನ್ನು ಮೊದಲು ಕಾಣುವವರು ನೀವು. 'ಯಾಕೋ ಸರಿ ಕಾಣ್ತಿಲ್ಲ' ಎಂದು ಅನಿಸಿದರೆ ಅದನ್ನು ನುಂಗಬೇಡಿ, ಹೇಳಿ. ಏನು ಬದಲಾಯಿತು, ಯಾವಾಗಿನಿಂದ ಎಂದು ಹೇಳಿ. ಅದೂ ನಿದಾನವೇ.

ನಾವು ಕೇಳಬೇಕಾದ್ದು

ಕೊನೆಯ ಮಾತು. ಕನ್ನಡ ಬಂದ ಮಾತ್ರಕ್ಕೆ ನಿದಾನ ಬಂದುಬಿಡುತ್ತದೆಯೇ? ಖಂಡಿತ ಇಲ್ಲ. ಕನ್ನಡದಲ್ಲೇ ಗದರಿಸಿ, ಅರ್ಧ ನಿಮಿಷದಲ್ಲಿ ಚೀಟಿ ಬರೆದು ಎಬ್ಬಿಸುವ ವೈದ್ಯನಿಂದ ಕನ್ನಡಿಗನಿಗೆ ಏನು ಲಾಭ? ಅವನಿಗಿಂತ, ಕಷ್ಟಪಟ್ಟು ನಾಲ್ಕು ಮಾತು ಕಲಿತು 'ಎಲ್ಲಿ ಬ್ಯಾನಿ ಅದ ಅಜ್ಜಾ?' ಎಂದು ಕೇಳುವ ಹೊರರಾಜ್ಯದ ವಿದ್ಯಾರ್ಥಿ ನಮಗೆ ಹತ್ತಿರದವನು. ಸರ್ಕಾರಿ ಕಾಲೇಜುಗಳ ನೂರಕ್ಕೆ 15 ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಆ ಗೆಳೆಯರನ್ನು ದೂರ ಮಾಡಬೇಡಿ. ಸಂಜೆ ಚಹಾ ಕುಡಿಯುತ್ತ ಅವರಿಗೆ ದಿನಕ್ಕೆ ಐದು ಮಾತು ಕಲಿಸಿ. ಅದಕ್ಕಿಂತ ದೊಡ್ಡ ಕನ್ನಡ ಕೆಲಸ ಮತ್ತೊಂದಿಲ್ಲ.

ಆದರೆ ಎಲ್ಲವನ್ನೂ ಚಹಾದಂಗಡಿಗೆ ಬಿಡುವಂತಿಲ್ಲ. 2019ರ ಹೊಸ ಎಂಬಿಬಿಎಸ್ ಪಠ್ಯಕ್ರಮದ ಆರಂಭಿಕ ಕೋರ್ಸಿನಲ್ಲೇ ಸ್ಥಳೀಯ ಭಾಷೆಗೆ ಜಾಗವಿದೆ. ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ನೋಡಿಕೊಳ್ಳುವ ಯೋಜನೆಯೂ ಬಂದಿದೆ. ಕಾಗದದ ಮೇಲಿನ ಇವನ್ನು ಬಳಸಿಕೊಳ್ಳೋಣ. ನಾಡಿನ ಪ್ರತಿ ವೈದ್ಯಕೀಯ ಕಾಲೇಜನ್ನೂ ಮೂರು ಸಂಗತಿ ಕೇಳೋಣ. ಕೇಸ್ ಶೀಟಿನ ಮೇಲೆ ರೋಗಿಯ ಮಾತನ್ನು ರೋಗಿಯ ನುಡಿಯಲ್ಲೇ ಬರೆಯಲು ನಾಲ್ಕು ಸಾಲಿನ ಜಾಗ. ಆಯಾ ಜಿಲ್ಲೆಯ ಜನ ಜಡ್ಡುಜಾಪತ್ತಿಗೆ ಬಳಸುವ ಮಾತುಗಳ ಒಂದು ಪದಕೋಶ, ಅದನ್ನು ವಿದ್ಯಾರ್ಥಿಗಳೇ ಸಂಗ್ರಹಿಸಬೇಕು. ಮತ್ತು ಪ್ರಾಯೋಗಿಕ ಪರೀಕ್ಷೆಯಲ್ಲಿ, ವಿದ್ಯಾರ್ಥಿ ರೋಗಿಯೊಡನೆ ಮಾತಾಡುವುದನ್ನು ಪರೀಕ್ಷಕರು ಕುಳಿತು ಕೇಳಿ ಕೊಡುವ ಅಂಕ. ಇವಕ್ಕೆ ಕೋಟಿ ರೂಪಾಯಿ ಬೇಕಿಲ್ಲ, ಮನಸ್ಸು ಬೇಕು.

ಬೆಂಗಳೂರಿನಲ್ಲಿ ಈ ಪತ್ರಿಕೆ ಓದುವ ಯುವಕರೇ, ನಿಮ್ಮ ಊರಿನ ಆಸ್ಪತ್ರೆಯಲ್ಲೂ ಯಾದಗಿರಿಯವರಿದ್ದಾರೆ. ಗುಳೆ ಬಂದು ನಿಮ್ಮ ಬಹುಮಹಡಿ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಿರುವ ನಮ್ಮ ಅಣ್ಣತಮ್ಮಂದಿರು ಅವರು. ಅಲ್ಲಿಯ ಹೊರರೋಗಿ ವಿಭಾಗದ ಸಾಲಿನಲ್ಲಿ 'ಚಕ್ಕರ್ ಬರ್ಲಿಕತ್ತದ್ರಿ' ಎಂಬ ಮಾತು ಕೇಳಿದರೆ ನಗಬೇಡಿ. ಪಕ್ಕದಲ್ಲಿ ನಿಂತು, ಯಾವಾಗಿನಿಂದ, ಎಷ್ಟು ಹೊತ್ತು, ಏನು ಮಾಡಿದಾಗ ಎಂದು ಕೇಳಿ, ಡಾಕ್ಟರಿಗೆ ತಿಳಿಸಿ. ಒಂದು ಜೀವ ಉಳಿಸಲು ಎಂಬಿಬಿಎಸ್ ಬೇಕೇ ಬೇಕೆಂದಿಲ್ಲ. ಕೆಲವೊಮ್ಮೆ ಒಂದು ಮಾತು ಗೊತ್ತಿದ್ದರೂ ಸಾಕು.

ನಿಧಾನವಾಗಿ ಕೇಳಿ, ಸರಿಯಾಗಿ ನಿದಾನ ಮಾಡಿ.